ಪಾಂಟಿಯಾಕ್ ಜಿಟಿಒ ಕಾರಿನ ಅಸಲಿ ಚರಿತ್ರೆಯನ್ನು ಪತ್ತೆಹಚ್ಚುವುದು ಹೇಗೆ?

ಜಿಟಿಒ ಎಂಬ ಬ್ಯಾಡ್ಜ್ ಹೊತ್ತ ಕಾರುಗಳೆಲ್ಲ ಜಿಟಿಒ ಅಲ್ಲ. ಅಮೆರಿಕದ ಮಸಲ್ ಕಾರುಗಳ, ಅಂದರೆ ಮಧ್ಯಮ ಗಾತ್ರದಲ್ಲಿದ್ದೂ ಭಾರಿ ಎಂಜಿನ್ ಹೊತ್ತ ವೇಗದ ಕಾರುಗಳ, ಪರಂಪರೆ ಇದರಿಂದಲೇ ಶುರುವಾಯಿತೆಂದು ಬಹುಮಂದಿ ಒಪ್ಪುವ ಈ ಪಾಂಟಿಯಾಕ್ ಕಾರು 1964ರಲ್ಲಿ ಸ್ವತಂತ್ರ ಮಾದರಿಯಾಗಿ ಹುಟ್ಟಲಿಲ್ಲ. ಲೆಮಾನ್ಸ್ ಎಂಬ ಕಾರನ್ನು ಕೊಳ್ಳುವವರು ಸುಮಾರು 295 ಡಾಲರ್ ಹೆಚ್ಚಿಗೆ ಕೊಟ್ಟು ಸೇರಿಸಿಕೊಳ್ಳಬಹುದಾಗಿದ್ದ ಒಂದು ಆಯ್ಕೆಯಾಗಿ ಹುಟ್ಟಿತು. ಹೀಗಾಗಿ ಹಳೆಯ ಲೆಮಾನ್ಸ್ ಒಂದಕ್ಕೆ ಬಾನೆಟ್, ಬ್ಯಾಡ್ಜ್, ಎಂಜಿನ್ ಬದಲಾಯಿಸಿ ಜಿಟಿಒ ಎಂದು ಮಾರುವುದು ಸುಲಭವಾಗಿದೆ, ಮತ್ತು ಅಂಥ ಕಾರುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕಾರನ್ನು ಕೊಳ್ಳುವವರಾಗಲಿ, ಮನೆಯಲ್ಲಿರುವ ಕಾರಿನ ಪೂರ್ವಾಪರ ತಿಳಿಯಬಯಸುವವರಾಗಲಿ, ಅದರ ಚರಿತ್ರೆಯನ್ನು ಯಾವ ಕ್ರಮದಲ್ಲಿ ಓದಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಡೆಟ್ರಾಯ್ಟ್ ಸುತ್ತಮುತ್ತ ವಾಹನೋದ್ಯಮದಲ್ಲಿ ದುಡಿಯುತ್ತಿರುವ ಕನ್ನಡಿಗರು ಅನೇಕರಿದ್ದಾರೆ. ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ಸಾಗುವಾಗ ರಸ್ತೆ ಬದಿಯಲ್ಲಿ ನಿಂತು ನೋಡುವ ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಕಾರಿನ ಬಳಿ ಹೋಗುವ ಮುನ್ನ ಅದು ಹುಟ್ಟಿದ ಸಂದರ್ಭವನ್ನು ತಿಳಿದುಕೊಳ್ಳಬೇಕು, ಏಕೆಂದರೆ ಇಂದಿನ ಗೊಂದಲಗಳ ಬೇರು ಅಲ್ಲಿಯೇ ಇದೆ. 1963ರ ಜನವರಿಯಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ತನ್ನ ಎಲ್ಲ ವಿಭಾಗಗಳೂ ಕಾರ್ ರೇಸುಗಳಿಗೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿತು. ರೇಸಿನ ಗೆಲುವುಗಳಿಂದಲೇ ಯುವಕರ ಮನಸ್ಸನ್ನು ಸೆಳೆದಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟಾಯಿತು. ಆಗ ಅಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು ಜಾನ್ ಡಿಲೋರಿಯನ್. ಅವರೂ ಬಿಲ್ ಕಾಲಿನ್ಸ್, ರಸ್ ಗೀ ಎಂಬ ಎಂಜಿನಿಯರುಗಳೂ 1964ರ ಹೊಸ ಟೆಂಪೆಸ್ಟ್ ಕಾರನ್ನು (ಲೆಮಾನ್ಸ್ ಇದರದೇ ದುಬಾರಿ ರೂಪ) ಪರೀಕ್ಷಿಸುತ್ತಿದ್ದಾಗ ಒಂದು ಸಂಗತಿ ಎದ್ದುಕಂಡಿತು. ಆ ಕಾರಿಗೆ ಗೊತ್ತುಪಡಿಸಿದ್ದ 326 ಘನ ಇಂಚಿನ ವಿ-8 ಎಂಜಿನ್ನೂ ದೊಡ್ಡ ಪಾಂಟಿಯಾಕ್ ಕಾರುಗಳ 389 ಘನ ಇಂಚಿನ ಎಂಜಿನ್ನೂ ಹೊರಗಿನ ಅಳತೆಯಲ್ಲಿ ಒಂದೇ ಆಗಿದ್ದವು. ಒಂದನ್ನು ಇಳಿಸಿ ಇನ್ನೊಂದನ್ನು ಕೂರಿಸಲು ಕಾರಿನ ಚೌಕಟ್ಟನ್ನು ಕತ್ತರಿಸಬೇಕಾಗಿರಲಿಲ್ಲ.

ಆದರೆ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬುದು ಸಂಸ್ಥೆಯ ನಿಯಮವಾಗಿತ್ತು. ಈ ನಿಯಮ ಹೊಸ ಮಾದರಿಗಳಿಗೆ ಅನ್ವಯಿಸುತ್ತಿತ್ತೇ ಹೊರತು, ಗ್ರಾಹಕರು ಬೇಕೆಂದು ಕೇಳಿ ಹಾಕಿಸಿಕೊಳ್ಳುವ ಆಯ್ಕೆಗಳಿಗೆ ಮೇಲಿನ ಕಚೇರಿಯ ಒಪ್ಪಿಗೆ ಬೇಕಿರಲಿಲ್ಲ. ಆ ಸಂದಿನಲ್ಲೇ ಜಿಟಿಒ ಹುಟ್ಟಿತು. ವಿಭಾಗದ ಮುಖ್ಯಸ್ಥರಾಗಿದ್ದ ಪೀಟ್ ಎಸ್ಟೆಸ್ ಮೊದಲಿಗೆ 5,000 ಕಾರುಗಳಿಗಷ್ಟೇ ಅನುಮತಿ ಕೊಟ್ಟರು. ಮಾರಾಟದ ಮುಖ್ಯಸ್ಥ ಫ್ರಾಂಕ್ ಬ್ರಿಜ್ ಅವರಿಗೆ ಅಷ್ಟು ಕಾರುಗಳು ಮಾರಾಟವಾಗುತ್ತವೆಂಬ ನಂಬಿಕೆಯೂ ಇರಲಿಲ್ಲ. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಫೆರಾರಿಯ 250 ಜಿಟಿಒ ಕಾರಿನಿಂದ ಎತ್ತಿಕೊಂಡ ಹೆಸರು ಅದು. ರೇಸಿಗೆ ಅಧಿಕೃತವಾಗಿ ಅಂಗೀಕೃತವಾದ ಕಾರು ಎಂಬುದು ಆ ಇಟಾಲಿಯನ್ ಪದಗಳ ಅರ್ಥ. ಪಾಂಟಿಯಾಕ್ ಕಾರಿಗೆ ಅಂಥ ಅಂಗೀಕಾರವೇನೂ ಇರಲಿಲ್ಲವಾದ್ದರಿಂದ ಫೆರಾರಿಯ ಅಭಿಮಾನಿಗಳು ಸಿಟ್ಟಾದರು, ಆ ಸಿಟ್ಟಿನಿಂದಲೇ ಕಾರಿಗೆ ಇನ್ನಷ್ಟು ಪ್ರಚಾರ ಸಿಕ್ಕಿತು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲು ನೋಡಬೇಕಾದದ್ದು ವಾಹನದ ಗುರುತಿನ ಸಂಖ್ಯೆಯನ್ನು. 1964ರಿಂದ 1967ರವರೆಗಿನ ಕಾರುಗಳಲ್ಲಿ ಈ ಸಂಖ್ಯೆಯ ತಗಡು ಚಾಲಕನ ಬಾಗಿಲು ತೆರೆದಾಗ ಕಾಣುವ ಮುಂಭಾಗದ ಕಂಬದ ಮೇಲಿರುತ್ತದೆ. 1968ರಿಂದೀಚೆಗೆ ಅದು ಚಾಲಕನ ಬದಿಯ ಡ್ಯಾಶ್‌ಬೋರ್ಡಿನ ಮೇಲಿದ್ದು ಮುಂಗಾಜಿನ ಹೊರಗಿನಿಂದಲೇ ಕಾಣುತ್ತದೆ. 1966ರಿಂದ 1971ರವರೆಗಿನ ಕಾರಾದರೆ ಕೆಲಸ ಸುಲಭ. ಆ ವರ್ಷಗಳಲ್ಲಿ ಜಿಟಿಒ ಸ್ವತಂತ್ರ ಸರಣಿಯಾಗಿತ್ತು, ಆದ್ದರಿಂದ ಅದರ ಸಂಖ್ಯೆ 242 ಎಂದೇ ಆರಂಭವಾಗಬೇಕು. ಮುಂದಿನ ಎರಡು ಅಂಕಿಗಳು ಬಾಡಿಯ ಮಾದರಿಯನ್ನು ಹೇಳುತ್ತವೆ: 1966 ಮತ್ತು 1967ರಲ್ಲಿ 07 ಎಂದರೆ ಪಕ್ಕದ ಗಾಜುಗಳ ನಡುವೆ ಕಂಬವಿರುವ ಕೂಪೆ, 17 ಎಂದರೆ ಕಂಬವಿಲ್ಲದ ಹಾರ್ಡ್‌ಟಾಪ್, 67 ಎಂದರೆ ಮಡಚುವ ಛಾವಣಿಯ ಕನ್ವರ್ಟಿಬಲ್. 1968ರಿಂದ ಹಾರ್ಡ್‌ಟಾಪಿನ ಸಂಖ್ಯೆ 37 ಆಯಿತು. ಅದರ ನಂತರದ ಅಂಕಿ ವರ್ಷದ್ದು, ಆಮೇಲಿನ ಅಕ್ಷರ ಕಾರ್ಖಾನೆಯದು; ಪಿ ಎಂದಿದ್ದರೆ ಆ ಕಾರು ಮಿಚಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿಯೇ ತಯಾರಾದದ್ದು, ಬಿ ಎಂದಿದ್ದರೆ ಬಾಲ್ಟಿಮೋರಿನಲ್ಲಿ.

1964 ಮತ್ತು 1965ರ ಕಾರುಗಳಲ್ಲಿ ಈ ಸಂಖ್ಯೆ ಅರ್ಧ ಮಾತ್ರ ಹೇಳಿ ಸುಮ್ಮನಾಗುತ್ತದೆ. 1964ರ ಸಂಖ್ಯೆಯ ಮೊದಲ 8 ಎಂಟು ಸಿಲಿಂಡರಿನ ಎಂಜಿನ್ನನ್ನೂ, ಎರಡನೆಯ ಅಂಕಿಯಾದ 2 ಲೆಮಾನ್ಸ್ ಸರಣಿಯನ್ನೂ, 4 ವರ್ಷವನ್ನೂ ಸೂಚಿಸುತ್ತವೆ. 1965ರ ಸಂಖ್ಯೆ 237 ಎಂದು ಆರಂಭವಾಗುತ್ತದೆ, ಅದೂ ಲೆಮಾನ್ಸ್ ಸರಣಿಯೇ. ಅಂದರೆ ಸಂಖ್ಯೆ ಹೀಗಿಲ್ಲದಿದ್ದರೆ ಅದು ಜಿಟಿಒ ಅಲ್ಲವೆಂದು ಖಚಿತವಾಗಿ ಹೇಳಬಹುದು, ಆದರೆ ಹೀಗಿದೆಯೆಂದ ಮಾತ್ರಕ್ಕೆ ಜಿಟಿಒ ಎಂದು ಹೇಳಲಾಗದು. ಮಾರುವವರು ಈ ವ್ಯತ್ಯಾಸವನ್ನು ಮರೆಸಿ ಮಾತನಾಡುವುದುಂಟು. ಬೆಂಕಿಗೋಡೆಯ ಮೇಲೆ, ಅಂದರೆ ಎಂಜಿನ್ ಕೋಣೆಯ ಹಿಂದಿನ ತಗಡಿನ ಮೇಲೆ, ಬಾಡಿಯ ವಿವರಗಳನ್ನು ಕೊರೆದ ಇನ್ನೊಂದು ಸಣ್ಣ ಫಲಕವಿರುತ್ತದೆ. ಅದರಲ್ಲಿ ಬಣ್ಣ, ಸೀಟಿನ ಬಟ್ಟೆ ಮತ್ತು ತಯಾರಿಯ ವಾರದ ಸಂಕೇತಗಳಿರುತ್ತವೆ. 11 ಎಂಬ ಅಂಕಿಯ ಮುಂದೆ ಸಿ ಅಕ್ಷರವಿದ್ದರೆ ನವೆಂಬರಿನ ಮೂರನೆಯ ವಾರ ಎಂದರ್ಥ. ಮುಂದೆ ಎಂಜಿನ್ನಿನ ದಿನಾಂಕದೊಡನೆ ತಾಳೆ ನೋಡಲು ಬೇಕಾಗುವುದರಿಂದ ಇದನ್ನು ಬರೆದಿಟ್ಟುಕೊಳ್ಳಿ.

ಗುರುತಿನ ತಗಡನ್ನು ಓದುವಾಗಲೇ ಅದನ್ನು ಹಿಡಿದಿರುವ ರಿವೆಟ್ ಅಥವಾ ಬೆಸುಗೆಯ ಕಡೆಗೂ ಗಮನವಿರಲಿ. ಸುತ್ತ ಗೀಚಿದ ಗುರುತು, ಹೊಸ ಬಣ್ಣದ ಅಂಚು, ಅಂಗಡಿಯಲ್ಲಿ ಸಿಗುವ ಸಾಮಾನ್ಯ ರಿವೆಟ್ ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಗುರುತಿನ ತಗಡನ್ನು ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಜೋಡಿಸುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಮತ್ತು ತಿಳಿಯದೆ ಕೊಂಡವರ ಕಾರೂ ಮುಟ್ಟುಗೋಲಾಗಬಹುದು.

ಎರಡನೆಯ ಹೆಜ್ಜೆ ಎಂಜಿನ್ನಿನದು. ಪಾಂಟಿಯಾಕ್ ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಚಾಲಕನ ಪಕ್ಕದವರು ಕೂರುವ ಬದಿಗೆ, ಸಿಲಿಂಡರ್ ಹೆಡ್ಡಿನ ಕೆಳಗೆ ನುಣುಪಾಗಿ ತರಿದ ಒಂದು ಜಾಗವಿದೆ. ಎಂಜಿನ್ನಿನ ಸಂಕೇತವನ್ನು ಅಲ್ಲಿ ಅಚ್ಚೊತ್ತಿರುತ್ತಾರೆ. 1964ರಲ್ಲಿ ಅದು ಎರಡು ಅಂಕಿ ಮತ್ತು ಒಂದು ಅಕ್ಷರದ ರೂಪದಲ್ಲಿತ್ತು: ಕೈಗೇರಿನ ಕಾರಿಗೆ ನಾಲ್ಕು ಬಾಯಿಯ ಒಂದೇ ಕಾರ್ಬ್ಯುರೇಟರ್ ಇದ್ದರೆ 78-ಎಕ್ಸ್, ಎರಡು ಬಾಯಿಯ ಮೂರು ಕಾರ್ಬ್ಯುರೇಟರುಗಳ ಟ್ರೈ-ಪವರ್ ಇದ್ದರೆ 76-ಎಕ್ಸ್, ಆಟೊಮ್ಯಾಟಿಕ್ ಗೇರಿನ ಕಾರಿಗೆ ಕ್ರಮವಾಗಿ 79-ಜೆ ಮತ್ತು 77-ಜೆ. 1965ರಲ್ಲಿ ಸಂಕೇತಗಳು ಎರಡು ಅಕ್ಷರಗಳಿಗೆ ಬದಲಾದವು. ಕೈಗೇರಿನವಕ್ಕೆ ಡಬ್ಲ್ಯೂ-ಟಿ ಮತ್ತು ಡಬ್ಲ್ಯೂ-ಎಸ್, ಆಟೊಮ್ಯಾಟಿಕ್‌ಗೆ ವೈ-ಎಸ್ ಮತ್ತು ವೈ-ಆರ್. ಪ್ರತಿ ಜೋಡಿಯಲ್ಲಿ ಎರಡನೆಯದು ಟ್ರೈ-ಪವರ್ ಎಂಜಿನ್ನಿನದು. 1964ರಲ್ಲಿ ಸಾದಾ ಎಂಜಿನ್ 325 ಹಾರ್ಸ್‌ಪವರ್, ಟ್ರೈ-ಪವರ್ 348. ಮರುವರ್ಷ ಅವು 335 ಮತ್ತು 360ಕ್ಕೆ ಏರಿದವು.

ಈ ಸಂಕೇತವನ್ನು ಓದುವುದು ಬರೆದಷ್ಟು ಸುಲಭವಲ್ಲ. ಕೆಲವು ವರ್ಷಗಳ ಹಿಂದೆ 1965ರ ಒಂದು ಹಾರ್ಡ್‌ಟಾಪ್ ನೋಡಲು ಸ್ನೇಹಿತರೊಬ್ಬರ ಜೊತೆ ಹೋಗಿದ್ದೆ. ಕಡು ನೀಲಿ ಬಣ್ಣ, ಬಾನೆಟ್ಟಿನ ನಡುವೆ ಗಾಳಿಬಾಯಿಯಂತೆ ಉಬ್ಬಿದ ಸ್ಕೂಪ್, ಮೂರೂ ಕಡೆ ಬ್ಯಾಡ್ಜ್; ಬಾಗಿಲ ಕಂಬದ ಮೇಲೆ ಸರಿಯಾಗಿಯೇ 23737 ಎಂದಿತ್ತು. ಬ್ಲಾಕಿನ ಆ ಜಾಗದ ತುಂಬ ಮಾತ್ರ ಎಣ್ಣೆಜಿಡ್ಡು ಮತ್ತು ತಿಳಿ ನೀಲಿ ಬಣ್ಣದ ದಪ್ಪ ಪದರ. ಮಾರುವವರ ಒಪ್ಪಿಗೆ ಪಡೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ತೆಗೆದು, ಹಿತ್ತಾಳೆಯ ಎಳೆಗಳ ಮೃದುವಾದ ಬ್ರಷ್ಷಿನಿಂದ ಬಣ್ಣವನ್ನು ಉಜ್ಜಿ, ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದಾಗ ಎರಡು ಅಕ್ಷರಗಳು ನೆರಳಿನಿಂದ ಎದ್ದುಬಂದವು. ಮೇಲೆ ಹೇಳಿದ ನಾಲ್ಕು ಸಂಕೇತಗಳಲ್ಲಿ ಯಾವುದೂ ಅಲ್ಲಿರಲಿಲ್ಲ. ಸ್ನೇಹಿತರು ತುಸು ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಕಾರ್ಖಾನೆಯ ದಾಖಲೆ ತರಿಸಿ ನೋಡಿದರೆ ಅದು 326 ಎಂಜಿನ್ನಿನ ಲೆಮಾನ್ಸ್ ಆಗಿ ಹೊರಬಿದ್ದ ಕಾರು ಎಂಬುದು ಸ್ಪಷ್ಟವಾಯಿತು. ಹೀಗೆ ಉಜ್ಜುವಾಗ ಕಬ್ಬಿಣದ ಬ್ರಷ್ಷನ್ನಾಗಲಿ ಗ್ರೈಂಡರನ್ನಾಗಲಿ ಎಂದಿಗೂ ಬಳಸಬೇಡಿ. ಅಚ್ಚು ಹೆಚ್ಚು ಆಳವಿರುವುದಿಲ್ಲ, ಒಮ್ಮೆ ಸವೆದರೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಸಂಕೇತ ಸರಿಯಿದ್ದರೂ ಎರಕದ ದಿನಾಂಕವನ್ನು ನೋಡಲೇಬೇಕು. ಬ್ಲಾಕಿನ ಹಿಂಭಾಗದಲ್ಲಿ, ಡಿಸ್ಟ್ರಿಬ್ಯೂಟರ್ ಕೂರುವ ಜಾಗದ ಸಮೀಪ, ತಿಂಗಳಿಗೊಂದು ಅಕ್ಷರ, ದಿನ ಮತ್ತು ವರ್ಷದ ಕೊನೆಯ ಅಂಕಿ ಉಬ್ಬಾಗಿ ಮೂಡಿರುತ್ತವೆ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ. ಹೀಗೆ ಎಲ್ ಎಂಬ ಅಕ್ಷರ ಡಿಸೆಂಬರಿಗೆ ಬರುತ್ತದೆ. ಸಿ, 15, 5 ಎಂದಿದ್ದರೆ ಆ ಬ್ಲಾಕನ್ನು 1965ರ ಮಾರ್ಚ್ 15ರಂದು ಎರಕ ಹೊಯ್ದಿದ್ದಾರೆ. ಎಂಜಿನ್ ಎರಕವಾದ ಮೇಲೆ ಕಾರು ತಯಾರಾಗಬೇಕಲ್ಲದೆ, ಕಾರು ತಯಾರಾದ ಮೇಲೆ ಎಂಜಿನ್ ಎರಕವಾಗುವುದು ಸಾಧ್ಯವಿಲ್ಲ. ಬೆಂಕಿಗೋಡೆಯ ಫಲಕದಲ್ಲಿ ಜನವರಿಯ ವಾರವಿದ್ದು ಬ್ಲಾಕಿನಲ್ಲಿ ಮಾರ್ಚ್ ಇದ್ದರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ. ಸಿಲಿಂಡರ್ ಹೆಡ್ಡುಗಳ ಮೇಲೂ ಎರಕದ ಸಂಖ್ಯೆಗಳಿವೆ: ಜಿಟಿಒ ಕಾರಿನಲ್ಲಿ 1965ಕ್ಕೆ 77, 1967ಕ್ಕೆ 670. 1968ರಿಂದೀಚೆಗೆ ವಾಹನದ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ನಿನ ಮೇಲೂ ಅಚ್ಚೊತ್ತತೊಡಗಿದ್ದರಿಂದ, ಎಂಜಿನ್ ಅದೇ ಕಾರಿನದೋ ಅಲ್ಲವೋ ಎಂಬುದನ್ನು ಆ ವರ್ಷಗಳ ಕಾರುಗಳಲ್ಲಿ ನೇರವಾಗಿ ತಿಳಿಯಬಹುದು.

ಇಷ್ಟಾದ ಮೇಲೆ ಕಾರಿನ ಸುತ್ತ ಒಂದು ಸುತ್ತು ಬನ್ನಿ. ಹೊರರೂಪವನ್ನು ಕೊನೆಗೆ ನೋಡಬೇಕೆಂಬುದು ನನ್ನ ಅಭ್ಯಾಸ, ಏಕೆಂದರೆ ಮೊದಲೇ ನೋಡಿದರೆ ಮನಸ್ಸು ಸೋತುಬಿಡುತ್ತದೆ. 1964ರ ಕಾರಿನಲ್ಲಿ ಹೆಡ್‌ಲೈಟುಗಳು ಅಕ್ಕಪಕ್ಕದಲ್ಲಿದ್ದು, ಬಾನೆಟ್ಟಿನ ಮೇಲೆ ಗಾಳಿಯನ್ನು ಒಳಗೆ ಬಿಡದ, ಅಲಂಕಾರಕ್ಕಷ್ಟೇ ಇರುವ ಎರಡು ಸ್ಕೂಪುಗಳಿರುತ್ತವೆ. ಮೀಟರುಗಳ ಹಿಂದಿನ ಅಲ್ಯೂಮಿನಿಯಂ ತಗಡಿನ ಮೇಲೆ ಸಣ್ಣ ಸಣ್ಣ ಸುರುಳಿಗಳ ಕೆತ್ತನೆಯಿರುತ್ತದೆ. 1965ರಲ್ಲಿ ಹೆಡ್‌ಲೈಟುಗಳು ಒಂದರ ಮೇಲೊಂದು ಕೂತವು, ಸ್ಕೂಪ್ ಒಂದೇ ಆಯಿತು. 1966ರ ಗ್ರಿಲ್ ಪ್ಲಾಸ್ಟಿಕ್ಕಿನದು, 1967ರದು ಲೋಹದ ಜಾಲರಿ. ಮಾರಾಟದ ದೃಷ್ಟಿಯಿಂದ 1966 ಈ ಕಾರಿನ ಉತ್ತುಂಗದ ವರ್ಷ. ಆ ವರ್ಷ 96,946 ಕಾರುಗಳು ಮಾರಾಟವಾದವು.

1967ನೆಯ ಇಸವಿಯ ಕಾರುಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಬಾನೆಟ್ ಎತ್ತಿದರೆ ಟ್ರೈ-ಪವರ್ ಕಾರ್ಬ್ಯುರೇಟರುಗಳು ಹೊಳೆಯುತ್ತಿರುತ್ತವೆ, ಮಾರುವವರು ಅದು ಕಾರ್ಖಾನೆಯದೇ ಎನ್ನುತ್ತಾರೆ. ಕಾರ್ವೆಟ್ ಒಂದನ್ನು ಬಿಟ್ಟು ಉಳಿದ ಯಾವ ಕಾರಿಗೂ ಒಂದಕ್ಕಿಂತ ಹೆಚ್ಚು ಕಾರ್ಬ್ಯುರೇಟರ್ ಹಾಕಬಾರದೆಂದು ಜನರಲ್ ಮೋಟರ್ಸ್ ತೀರ್ಮಾನಿಸಿದ್ದರಿಂದ 1966ಕ್ಕೇ ಟ್ರೈ-ಪವರ್ ಕೊನೆಗೊಂಡಿತ್ತು. 1967ರಲ್ಲಿ ಎಂಜಿನ್ 400 ಘನ ಇಂಚಿನದಾಯಿತು, ಅದರ ಮೇಲೆ ರಾಚೆಸ್ಟರ್ ಕ್ವಾಡ್ರಾಜೆಟ್ ಎಂಬ ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಬಂದಿತು. ಎರಡು ಗೇರಿನ ಆಟೊಮ್ಯಾಟಿಕ್ ಹೋಗಿ ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 400 ಬಂದದ್ದೂ, ಮುಂಚಕ್ರಗಳಿಗೆ ಡಿಸ್ಕ್ ಬ್ರೇಕಿನ ಆಯ್ಕೆ ದೊರೆತದ್ದೂ ಅದೇ ವರ್ಷ. ಹಾಗಾಗಿ 1967ರ ಕಾರಿನಲ್ಲಿ ಟ್ರೈ-ಪವರ್ ಇದ್ದರೆ ಅದು ಯಾರೋ ಆಮೇಲೆ ಪ್ರೀತಿಯಿಂದ ಹಾಕಿಸಿಕೊಂಡದ್ದು. ಚೆನ್ನಾಗಿ ಓಡಬಹುದು, ಆದರೆ ಕಾರ್ಖಾನೆಯದೆಂಬ ಮಾತಿಗೆ ಬೆಲೆ ತೆರಬಾರದು.

1968ರಲ್ಲಿ ಬಾಡಿ ಪೂರ್ತಿ ಬದಲಾಯಿತು. ಚಕ್ರಗಳ ನಡುವಿನ ಅಂತರ 115 ಇಂಚಿನಿಂದ 112ಕ್ಕೆ ಇಳಿಯಿತು, ಮುಂದೆ ಎಂಡ್ಯುರಾ ಎಂಬ, ಬಾಡಿಯ ಬಣ್ಣವನ್ನೇ ಹೊತ್ತ, ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಬಂಪರ್ ಬಂದಿತು. ಆಗ ಪಾಂಟಿಯಾಕ್ ವಿಭಾಗದ ಮುಖ್ಯಸ್ಥರೇ ಆಗಿದ್ದ ಡಿಲೋರಿಯನ್ ಟೆಲಿವಿಷನ್ ಜಾಹೀರಾತಿನಲ್ಲಿ ಆ ಬಂಪರಿಗೆ ಸುತ್ತಿಗೆಯಿಂದ ಹೊಡೆದು ತೋರಿಸಿದರು. ಮೋಟರ್ ಟ್ರೆಂಡ್ ಪತ್ರಿಕೆ ಆ ವರ್ಷದ ಕಾರೆಂದು ಇದನ್ನು ಆರಿಸಿತು. 1968 ಮತ್ತು 1969ರ ಕಾರುಗಳನ್ನು ದೂರದಿಂದ ನೋಡಿ ಗೊಂದಲಕ್ಕೊಳಗಾಗುವವರಿಗೆ ಒಂದು ಸರಳ ಉಪಾಯವಿದೆ: ಮುಂಬಾಗಿಲಿನ ಗಾಜಿನ ಮುಂದೆ ತ್ರಿಕೋನದ ಸಣ್ಣ ಗಾಜಿದ್ದರೆ 1968, ಇಲ್ಲದಿದ್ದರೆ 1969. ಒಳಗೆ ಕೂತರೆ ಇನ್ನೂ ಖಚಿತ. 1968ರಲ್ಲಿ ಕೀಲಿ ಹಾಕುವ ಜಾಗ ಡ್ಯಾಶ್‌ಬೋರ್ಡಿನಲ್ಲಿದೆ, 1969ರಲ್ಲಿ ಅದು ಸ್ಟಿಯರಿಂಗಿನ ಕಂಬಕ್ಕೆ ಬಂದಿದೆ. 1970ರಲ್ಲಿ ನಾಲ್ಕು ದುಂಡು ಹೆಡ್‌ಲೈಟುಗಳು ತೆರೆದೇ ಇರುತ್ತವೆ.

ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದದ್ದು ಜಡ್ಜ್ ಎಂಬ ರೂಪವನ್ನು. ಪ್ಲಿಮತ್ ಸಂಸ್ಥೆಯ ರೋಡ್ ರನ್ನರ್ ಕಡಿಮೆ ಬೆಲೆಗೆ ಸಿಗುತ್ತಿದ್ದುದಕ್ಕೆ ಉತ್ತರವೆಂದು 1969ರ ಮಾದರಿಯಲ್ಲಿ ಪಾಂಟಿಯಾಕ್ ಇದನ್ನು ಹೊರತಂದಿತು. ಕ್ಯಾರೊಸೆಲ್ ರೆಡ್ ಎಂಬ ಕಿತ್ತಳೆ ಛಾಯೆಯ ಕೆಂಪು ಬಣ್ಣದಲ್ಲಿ ಮೊದಲ ಕಾರುಗಳು ಬಂದವು. ಹಿಂದೆ ಡಿಕ್ಕಿಯ ಮೇಲೆ 60 ಇಂಚು ಅಗಲದ ಸ್ಪಾಯ್ಲರ್, ಬದಿಯಲ್ಲಿ ಪಟ್ಟೆ, ಹೊರ ಅಂಚಿನ ಬಳೆಯಿಲ್ಲದ ರ‍್ಯಾಲಿ-2 ಚಕ್ರಗಳು, ರ‍್ಯಾಮ್ ಏರ್-3 ಎಂಬ 366 ಹಾರ್ಸ್‌ಪವರಿನ ಎಂಜಿನ್. ಹೆಚ್ಚಿನ ಹಣಕ್ಕೆ 370 ಹಾರ್ಸ್‌ಪವರಿನ ರ‍್ಯಾಮ್ ಏರ್-4 ದೊರೆಯುತ್ತಿತ್ತು. ಆ ವರ್ಷ 6,725 ಹಾರ್ಡ್‌ಟಾಪ್ ಮತ್ತು 108 ಕನ್ವರ್ಟಿಬಲ್ ಜಡ್ಜ್‌ಗಳು ತಯಾರಾದವು, 1971ಕ್ಕೆ ಬರುವ ವೇಳೆಗೆ ಕನ್ವರ್ಟಿಬಲ್‌ಗಳ ಸಂಖ್ಯೆ 17ಕ್ಕೆ ಇಳಿದಿತ್ತು. ಇಷ್ಟು ಅಪರೂಪದ ವಸ್ತುವಾಗಿದ್ದರೂ ಗುರುತಿನ ಸಂಖ್ಯೆಯಲ್ಲಿ ಜಡ್ಜ್ ಎಂಬುದಕ್ಕೆ ಯಾವ ಸೂಚನೆಯೂ ಇಲ್ಲ. ಸಾದಾ ಜಿಟಿಒ ಆಗಲಿ ಜಡ್ಜ್ ಆಗಲಿ ಎರಡೂ 242 ಎಂದೇ ಆರಂಭವಾಗುತ್ತವೆ. ಎಂಜಿನ್ ಸಂಕೇತದಿಂದ ಸ್ವಲ್ಪ ನೆರವು ಸಿಗುತ್ತದೆ, ಏಕೆಂದರೆ 1969ರಲ್ಲಿ ರ‍್ಯಾಮ್ ಏರ್-4 ಕೈಗೇರಿನ ಕಾರಿಗೆ ಡಬ್ಲ್ಯೂ-ಡಬ್ಲ್ಯೂ, ಆಟೊಮ್ಯಾಟಿಕ್‌ಗೆ ಎಕ್ಸ್-ಪಿ ಎಂಬ ಸಂಕೇತಗಳಿದ್ದವು. ಆದರೆ ಅದೇ ಎಂಜಿನ್ ಸಾದಾ ಜಿಟಿಒ ಕಾರಿಗೂ ಸಿಗುತ್ತಿದ್ದುದರಿಂದ ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಸ್ಪಾಯ್ಲರ್, ಪಟ್ಟೆ, ಅಂಟುಚಿತ್ರಗಳು ಇಂದಿಗೂ ಹೊಸದಾಗಿ ತಯಾರಾಗಿ ಮಾರಾಟವಾಗುತ್ತಿವೆ.

ಹೀಗೆ ಸಂದೇಹ ಉಳಿದಾಗಲೆಲ್ಲ ಕೊನೆಯ ಮಾತು ಕಾಗದದ್ದೇ. ಪಾಂಟಿಯಾಕ್ ಅಭಿಮಾನಿಗಳ ಅದೃಷ್ಟಕ್ಕೆ 1960ರ ದಶಕದಿಂದೀಚಿನ ಕಾರ್ಖಾನೆಯ ಬಿಲ್ಲಿಂಗ್ ದಾಖಲೆಗಳು ಉಳಿದುಕೊಂಡಿವೆ, ಮತ್ತು ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬ ಸಂಸ್ಥೆ ಗುರುತಿನ ಸಂಖ್ಯೆ ಮತ್ತು ಶುಲ್ಕ ಪಡೆದು ಅವುಗಳ ಪ್ರತಿಯನ್ನು ಕೊಡುತ್ತದೆ. ಆ ಕಾರಿಗೆ ಯಾವ ಎಂಜಿನ್, ಯಾವ ಗೇರು, ಯಾವ ಯಾವ ಆಯ್ಕೆಗಳನ್ನು ಹಾಕಿ ಯಾವ ಡೀಲರಿಗೆ ಕಳುಹಿಸಿದರೆಂಬುದು ಅದರಲ್ಲಿರುತ್ತದೆ. 1964ರ ಕಾರಾದರೆ ಅದರಲ್ಲಿ 382 ಎಂಬ ಆಯ್ಕೆ ಸಂಖ್ಯೆಯನ್ನು ಹುಡುಕಬೇಕು. ಜಿಟಿಒ ಎಂಬುದರ ಹುಟ್ಟು ಹೆಸರು ಅದೇ. 1965ರ ಕಾರಿಗೂ 1969ರಿಂದ 1971ರವರೆಗಿನ ಜಡ್ಜ್‌ಗೂ ಈ ಪ್ರತಿಯಿಲ್ಲದೆ ಮುಂಗಡ ಹಣ ಕೊಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮಾರುವವರು ತೋರಿಸುವ ಪ್ರತಿಯನ್ನು ಸುಮ್ಮನೆ ನಂಬುವ ಬದಲು ನೀವೇ ಹೊಸದಾಗಿ ತರಿಸಿಕೊಳ್ಳಿ, ಏಕೆಂದರೆ ನಕಲು ಮಾಡಿದ ಕಾಗದವನ್ನು ತಿದ್ದುವುದು ಕಷ್ಟದ ಕೆಲಸವಲ್ಲ. ಜೋಡಣೆಯ ವೇಳೆ ಕಾರ್ಮಿಕರು ಬಳಸುತ್ತಿದ್ದ ವಿವರಪಟ್ಟಿಯ ಹಾಳೆ ಕೆಲವೊಮ್ಮೆ ಸೀಟಿನ ಸ್ಪ್ರಿಂಗುಗಳ ನಡುವೆ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಸಿಕ್ಕರೆ ಎಳೆಯಬೇಡಿ, ಮೊದಲು ಇದ್ದಲ್ಲಿಯೇ ಫೋಟೊ ತೆಗೆದು, ಆಮೇಲೆ ಅಗಲವಾದ ತಗಡಿನ ಮೇಲೆ ಜಾರಿಸಿಕೊಂಡು ಹೊರತೆಗೆಯಿರಿ.

1971ರ ನಂತರದ ಕಾರುಗಳ ಬಗೆಗೆ ಹೇಳಬೇಕಾದದ್ದು ಕಡಿಮೆ, ಆದರೆ ಅವುಗಳ ಶಕ್ತಿಯ ಅಂಕಿಗಳನ್ನು ಓದುವಾಗ ಜಾಗ್ರತೆ ಬೇಕು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ 1971ರಲ್ಲಿ ಎಂಜಿನ್ನಿನ ಕಂಪ್ರೆಷನ್ ಇಳಿಸಿದರು. 1972ರಲ್ಲಿ ಅಳೆಯುವ ಕ್ರಮವೇ ಬದಲಾಗಿ, ಬೆಲ್ಟು, ಪಂಪು, ಸೈಲೆನ್ಸರುಗಳನ್ನೆಲ್ಲ ಜೋಡಿಸಿದ ಮೇಲೆ ಉಳಿಯುವ ಶಕ್ತಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. 455 ಘನ ಇಂಚಿನ ಎಚ್‌ಒ (ಹೈ ಔಟ್‌ಪುಟ್) ಎಂಜಿನ್ 1971ರಲ್ಲಿ 335, 1972ರಲ್ಲಿ 300 ಹಾರ್ಸ್‌ಪವರ್ ಎಂದು ಕಾಣುವುದು ಇದರಿಂದಲೇ ಹೊರತು ಎಂಜಿನ್ ಅಷ್ಟು ಸೊರಗಿದ್ದರಿಂದಲ್ಲ. 1972ರಲ್ಲಿ ಜಿಟಿಒ ಮತ್ತೆ ಲೆಮಾನ್ಸ್ ಕಾರಿನ ಆಯ್ಕೆಯಾಯಿತು, ಆದ್ದರಿಂದ 1964ರ ಸಮಸ್ಯೆಯೇ ಮರುಕಳಿಸುತ್ತದೆ. ಆ ವರ್ಷದಿಂದ ಗುರುತಿನ ಸಂಖ್ಯೆಯ ಐದನೆಯ ಅಕ್ಷರ ಎಂಜಿನ್ನನ್ನು ಸೂಚಿಸುವುದಷ್ಟೇ ಸಮಾಧಾನ. ವಿಮಾ ಕಂತುಗಳ ಏರಿಕೆ, ಹೊಗೆಯ ನಿಯಮಗಳು, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಕೊನೆಗೆ 1974ರಲ್ಲಿ ಸಣ್ಣ ವೆಂಚುರಾ ಕಾರಿಗೆ 350 ಘನ ಇಂಚಿನ ಎಂಜಿನ್ ಹಾಕಿ ಅದಕ್ಕೆ ಈ ಹೆಸರು ಕೊಟ್ಟರು. ಹಲವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗದು ಅನ್ಯಾಯವೆನಿಸುತ್ತದೆ, ಕಾರ್ಖಾನೆ ಕೊಟ್ಟ ಹೆಸರು ಅದಕ್ಕೂ ಸಲ್ಲಬೇಕು. 2004ರಿಂದ 2006ರವರೆಗೆ ಬಂದ ಜಿಟಿಒ ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಆಧರಿಸಿದ್ದು, ಅದರ ಗುರುತಿನ ವಿಧಾನ ಪೂರ್ತಿ ಬೇರೆ.

ಕಾರು ನಿಮ್ಮದಾದ ಮೇಲೆ, ಟಿಂಕರಿಂಗಿಗೂ ಬಣ್ಣಕ್ಕೂ ಕಳುಹಿಸುವ ಮೊದಲು, ಎರಡೂ ಫಲಕಗಳ, ಎಂಜಿನ್ ಸಂಕೇತದ ಮತ್ತು ಎರಕದ ದಿನಾಂಕಗಳ ಫೋಟೊಗಳನ್ನು ತೆಗೆದು ಬಿಲ್ಲಿಂಗ್ ದಾಖಲೆಯ ಜೊತೆ ಒಂದೇ ಕಡತದಲ್ಲಿಡಿ. ಎಂಜಿನ್ ಬದಲಾಗಿದ್ದರೆ ಯಾವ ವರ್ಷದ ಬ್ಲಾಕ್, ಯಾವ ಹೆಡ್ ಎಂಬುದನ್ನೂ ಅಲ್ಲಿಯೇ ಬರೆಯಿರಿ. ಆ ನೀಲಿ ಲೆಮಾನ್ಸ್ ಕಾರನ್ನು ನನ್ನ ಸ್ನೇಹಿತರು ಲೆಮಾನ್ಸ್ ಕಾರಿನ ಬೆಲೆಗೇ ಕೊಂಡರು. ಅದರ ಕಡತದ ಮೊದಲ ಹಾಳೆಯಲ್ಲಿ ಹೀಗೆ ಬರೆದಿಟ್ಟಿದ್ದಾರೆ: 1965ರ ಲೆಮಾನ್ಸ್, ಜಿಟಿಒ ಬಾನೆಟ್ ಮತ್ತು ಬ್ಯಾಡ್ಜ್ ಆಮೇಲೆ ಹಾಕಿದ್ದು.